ಅವ್ವನ ಬೆನ್ನು ಮತ್ತು ಮಾಮಾನ ಟಾಂಗಾ

ಭಾನುವಾರ, ನಾಗರ ಪಂಚಮಿಗೆ ಇನ್ನೂ ಎರಡು ದಿನ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ವಿಜಾಪುರದ ಜೋರಾಪುರ ಪೇಟೆಯ ನಮ್ಮ ಓಣಿಯಿಂದ ಟಾಂಗಾ ಹೊರಟಿತು.

ಎಲ್ಲಿಗೆ ಹೊರಟರೂ ಹೊರಟ ಹೊತ್ತು ಬರೆದಿಡುವುದು ನನ್ನ ರೂಢಿ. ಮನೆಯಲ್ಲಿ ಎಲ್ಲರೂ ಇದಕ್ಕೆ ನಗುತ್ತಾರೆ. ಆವತ್ತು ಮಾತ್ರ ಯಾರೂ ನಗಲಿಲ್ಲ, ಯಾಕೆಂದರೆ ನಾನು ಡೈರಿಯ ಹಾಳೆ ಹರಿಯುವಷ್ಟು ಜೋರಾಗಿ ಪೆನ್ನು ಒತ್ತಿದ್ದೆ.

ಅವ್ವನ ಬೆನ್ನಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಸೊಂಟದ ಹತ್ತಿರ ಎಲುಬಿನ ನಡುವಿನ ಗಾದಿ ಸರಿದಿದೆ. ಹೋದ ವರ್ಷ ಪಂಚಮಿಗೆ ಇದೇ ಟಾಂಗಾದಲ್ಲಿ ತವರಿಗೆ ಹೋಗಿ ಬಂದ ಮೇಲೆ ಶ್ರಾವಣ ಮುಗಿಯುವ ತನಕ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಬಚ್ಚಲಿಗೆ ಹೋಗಬೇಕಾದರೂ ನಾನೇ ಹಿಡಿದುಕೊಳ್ಳಬೇಕಿತ್ತು. ಈಗ ಎರಡು ತಿಂಗಳಿಂದ ಅವ್ವ ಮತ್ತೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಾಳೆ. ಡಾಕ್ಟರು ಒಂದೇ ಮಾತು ಹೇಳಿದ್ದರು: "ಇನ್ನೊಮ್ಮೆ ಹಂಗ ಧಕ್ಕಿ ಬಿದ್ರ ಆಪರೇಶನ್ನ ನೋಡ್ರಿ. ಬಸ್ಸಿನ್ಯಾಗ ಮುಂದಿನ ಸೀಟಿಗೆ ಕುಂತ ಹೋಗ್ರಿ, ಕಾರಿನ್ಯಾಗ ಹೋಗ್ರಿ. ಗಾಡಿ-ಬಂಡಿ ಮಾತ್ರ ಬ್ಯಾಡ."

ಗಾಡಿ-ಬಂಡಿ ಬ್ಯಾಡ. ಇದಕ್ಕಿಂತ ಸರಳ ಮಾತು ಇನ್ನೇನಿದೆ? ಆದರೆ ನಮ್ಮ ಕಡೆ ಪಂಚಮಿ ಅಂದರೆ ಅಣ್ಣ ತಂಗಿಯನ್ನು ಕರೆಯಲು ಬರುವ ಹಬ್ಬ. ಅವ್ವನಿಗೆ ಒಬ್ಬನೇ ಅಣ್ಣ, ನನ್ನ ಸೋದರಮಾವ, ಘೋಣಸಗಿಯಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಮೊದಲೆಲ್ಲ ಬಸ್ಸಿನಲ್ಲಿ ಬರುತ್ತಿದ್ದ. ಅವ್ವನ ಚೀಲ ತಾನೇ ಹಿಡಿದು, ಕಿಟಕಿ ಬದಿಯ ಸೀಟು ಕೊಡಿಸಿ, ಟಿಕೋಟಾದಲ್ಲಿ ಇಳಿಸಿ ಚಹಾ ಕುಡಿಸಿ ಕರೆದುಕೊಂಡು ಹೋಗುತ್ತಿದ್ದ. ಮುಕ್ಕಾಲು ತಾಸಿನ ಹಾದಿ. ಯಾರಿಗೂ ಏನೂ ತೊಂದರೆ ಇರಲಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ಅವನಿಗೆ ಹುಚ್ಚು ಹಿಡಿಯಿತು. ಗೋಳಗುಮ್ಮಟದ ಮುಂದೆ ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗುತ್ತಿದ್ದ ಮುದುಕನೊಬ್ಬ ಧಂದೆ ಸಾಕಾಯಿತೆಂದು ಟಾಂಗಾ ಮಾರಲು ನಿಂತಿದ್ದ. ಮಾಮಾ ಟಾಂಗಾ, ಕುದುರೆ, ಚಾಬೂಕು, ಗೆಜ್ಜೆಪಟ್ಟಿ ಎಲ್ಲ ಸೇರಿಸಿಯೇ ತಂದ. "ನಮ್ಮಪ್ಪ ಗಾಡಿ ಕಟ್ಟಿಕೊಂಡ ಹೋಗಿ ಅಕ್ಕ-ತಂಗೇರನ್ನ ಕರಕೊಂಡ ಬರ್ತಿದ್ದ. ನಾ ಏನ್ ಕಡಿಮಿ?" ಅಂತ ಊರೆಲ್ಲ ಹೇಳಿಕೊಂಡು ಬಂದ. ಯಾರೋ ವಿಡಿಯೋ ಮಾಡಿದರು: ಟಾಂಗಾದಲ್ಲಿ ತಂಗಿಯನ್ನು ಕರೆದೊಯ್ಯುವ ಅಣ್ಣ. ಅದು ಸಂಬಂಧಿಕರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಕಣ್ಣೀರಿನ ಗೊಂಬೆ, ಕೈಮುಗಿಯುವ ಗೊಂಬೆ, "ಇಂಥಾ ಅಣ್ಣ ಎಲ್ಲಾರಿಗೂ ಸಿಗಲಿ." ಆ ವಿಡಿಯೋದಲ್ಲಿ ಅವ್ವ ತುಟಿ ಕಚ್ಚಿಕೊಂಡು ಕುಳಿತಿರುವುದು ಚೆನ್ನಾಗಿ ಕಾಣುತ್ತದೆ. ಎಲ್ಲರೂ ಅದನ್ನು ಪ್ರೀತಿಯ ಅಳು ಎಂದುಕೊಂಡರು.

ಈ ಸಲ ನಾನು ಮೊದಲೇ ಕಾರು ಗೊತ್ತು ಮಾಡುತ್ತೇನೆ ಎಂದೆ. ಅವ್ವ ಒಪ್ಪಲಿಲ್ಲ.

"ಆಂವ ಬಾಗಲಿಗೆ ಗಾಡಿ ತಂದ ನಿಲ್ಲಸ್ತಾನ. ನಾ ಕಾರಿನ್ಯಾಗ ಹೋದ್ರ ಗಾಡಿ ಖಾಲಿ ಹೋಗಬೇಕಲ್ಲ?"

"ಹೋಗಲಿ. ಖಾಲಿ ಗಾಡಿ ಏನ್ ಅಳತೈತೇನು?"

"ಕರಿಯಾಕ ಹ್ವಾದ ಗಾಡಿ ಖಾಲಿ ಊರ ಹೊಕ್ಕರ ಮಂದಿ ಏನ್ ತಿಳಕೋತಾರ ಗೊತ್ತೈತೇನ್ ನಿನಗ? ತಂಗಿ ತವರ ಬಿಟ್ಟಳು ಅಂತಾರ. ಇಲ್ಲಂದ್ರ ತಂಗಿನಽ ಉಳಿದಿಲ್ಲ ಅಂತಾರ."

ಅಪ್ಪ ಪೇಪರಿನ ಹಿಂದೆ ಮುಖ ಇಟ್ಟುಕೊಂಡು, "ಅದು ಅಣ್ಣ-ತಂಗಿ ವ್ಯವಹಾರ, ನಡುವ ನಾ ಬರಂಗಿಲ್ಲ" ಎಂದ. ವರ್ಷವಿಡೀ ಅಡಿಗೆಯ ಉಪ್ಪಿನಿಂದ ಹಿಡಿದು ಎಲ್ಲದರ ನಡುವೆ ಬರುವ ಮನುಷ್ಯ.

ಮಾಮಾ ಶನಿವಾರ ಸಂಜೆಯೇ ಬಂದ. ಕುದುರೆಗೆ ವಿಶ್ರಾಂತಿ ಬೇಕಲ್ಲ. ಓಣಿಯಲ್ಲಿ ನಮ್ಮ ಕಟ್ಟೆಗೆ ಅದನ್ನು ಕಟ್ಟಿದ. ಬೆಳಗಾಗುವುದರೊಳಗೆ ಅದು ಎದುರು ಮನೆಯವರ ರಂಗೋಲಿ ಜಾಗದಲ್ಲಿ ಲದ್ದಿ ಹಾಕಿ, ಪಕ್ಕದ ಮನೆಯವರ ತುಳಸಿ ಗಿಡ ತಿಂದಿತ್ತು. ಲದ್ದಿ ಬಳಿದವಳು ನಾನು. ತುಳಸಿಯ ವಿಷಯಕ್ಕೆ ಬೈಸಿಕೊಂಡವಳೂ ನಾನೇ. ಮಾಮಾ ಆ ಹೊತ್ತಿಗೆ ಕುದುರೆಯ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ.

"ಜೀನು ತಿಕ್ಕಿ ಬೆನ್ನ ಕೆಂಪಗಾಗೇತಿ ನೋಡ, ಪಾಪ ಮೂಕ ಪ್ರಾಣಿ," ಎಂದ ನನಗೆ.

ಅವ್ವನಿಗಾಗಿ ನಾನು ಹತ್ತಿಯ ದಪ್ಪ ದಿಂಬೊಂದನ್ನು ಹಿಂದಿನ ಸೀಟಿನ ಮೇಲೆ ಇಟ್ಟಿದ್ದೆ. ಚೀಲ ತರಲು ಒಳಗೆ ಹೋಗಿ ಬರುವುದರೊಳಗೆ ದಿಂಬು ಮಾಯ. ನೋಡಿದರೆ ಅದು ಕುದುರೆಯ ಜೀನಿನ ಕೆಳಗೆ ಇತ್ತು! ಹಗ್ಗದಿಂದ ಭದ್ರವಾಗಿ ಬಿಗಿದು, ಗಂಟು ಹಾಕಿ, ಮೇಲೆ ಗೆಜ್ಜೆಪಟ್ಟಿ ಕಟ್ಟಿಬಿಟ್ಟಿದ್ದ.

"ಮಾಮಾ, ಅದು ಅವ್ವನ ಬೆನ್ನಿಗಿ ತಂದಿದ್ದು."

"ನಿಮ್ಮವ್ವ ಏನ್ ಗಾಡಿ ಎಳಿತಾಳೇನ್ ಬೇ?"

ಓಣಿಯ ಮಂದಿ ನಕ್ಕರು. ಅವ್ವನೂ ನಕ್ಕಳು. ನನಗೆ ಸಿಟ್ಟು ಬಂದದ್ದು ಅವ್ವ ನಕ್ಕಿದ್ದಕ್ಕೆ.

ಟಾಂಗಾ ಹತ್ತುವುದು ಬಸ್ಸು ಹತ್ತಿದಂತೆ ಅಲ್ಲ. ಎರಡೇ ಗಾಲಿ. ಮುಂದೆ ಓಡಿಸುವವನು ಮತ್ತು ಅವನ ಪಕ್ಕಕ್ಕೆ ಒಬ್ಬರು. ಹಿಂದೆ ಕುಳಿತವರು ಹಾದಿಗೆ ಬೆನ್ನು ತಿರುಗಿಸಿ, ಬಿಟ್ಟು ಬಂದ ಊರನ್ನೇ ನೋಡುತ್ತ ಹೋಗಬೇಕು. ಮುಂದಿನ ಭಾರ, ಹಿಂದಿನ ಭಾರ ಸಮ ಇರಬೇಕು. ಹಿಂದೆ ಭಾರ ಹೆಚ್ಚಾದರೆ ಗಾಡಿ ಹಿಂದಕ್ಕೆ ವಾಲಿ ಕುದುರೆಯನ್ನೇ ಮೇಲಕ್ಕೆತ್ತುತ್ತದೆ. ಮುಂದೆ ಹೆಚ್ಚಾದರೆ ಎಲ್ಲ ಕುದುರೆಯ ಬೆನ್ನ ಮೇಲೆ. ಸೀಟಿನ ಕೆಳಗೆ ಮಾಮಾ ತನ್ನ ಎಮ್ಮೆಗೆಂದು ಕೊಂಡ ಎರಡು ಹಿಂಡಿ ಚೀಲ ಬೇರೆ ಇದ್ದವು. ನಾನೂ ಅವ್ವನೂ ಹಿಂದೆ ಕುಳಿತೆವು.

"ಹಿಂದ ಜಡ ಆತು," ಎಂದ ಮಾಮಾ. ನಮ್ಮ ಕಡೆ ಜಡ ಅಂದರೆ ಭಾರ. "ನೀ ಮುಂದ ಬಾ ಬೇ. ಎಷ್ಟ ಕೇಜಿ ಅದೀ?"

ಇಡೀ ಓಣಿ ಕಿವಿ ಚುರುಕು ಮಾಡಿತು. ಎದುರು ಮನೆಯ ಅಜ್ಜಿ ತಾನೇ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಅಂದಾಜು ಹೇಳಿದಳು. ಅದು ಹೆಚ್ಚಾಗಿತ್ತು. ತುಳಸಿ ಗಿಡದವಳು ಇನ್ನೂ ಹೆಚ್ಚು ಹೇಳಿದಳು. ನಾನು ಇಳಿದು ಮುಂದೆ ಹೋಗಿ ಕುಳಿತೆ. ಅವ್ವ ಹಿಂದೆ ಒಬ್ಬಳೇ ಉಳಿದಳು. ಬೆನ್ನಿಗೆ ಬೆತ್ತದ ಅಡ್ಡಪಟ್ಟಿ, ಹಿಡಿಯಲು ಒಂದು ಕಬ್ಬಿಣದ ಸರಳು.

ಆಗ ಅವ್ವ ಬಾಯಿಬಿಟ್ಟಳು, ಮೆಲ್ಲಗೆ: "ಯಣ್ಣಾ, ನನಗ ಜಡ್ಡ ಆಗೇತೋ. ಸಾವಕಾಶ ಹೊಡಿ."

ಜಡ್ಡು ಅಂದರೆ ರೋಗ, ಕಾಯಿಲೆ. ಇಡೀ ವರ್ಷದಲ್ಲಿ ಅಣ್ಣನ ಎದುರು ಅವಳು ತನ್ನ ಬೆನ್ನಿನ ಬಗ್ಗೆ ಆಡಿದ ಮಾತು ಅದೊಂದೇ.

"ಇನ್ನೂ ಜಡ ಆಗೇತೇನು? ತಡಿ," ಎಂದ ಮಾಮಾ. ಕೆಳಗಿಳಿದು ಒಂದು ಹಿಂಡಿ ಚೀಲವನ್ನು ಎಳೆದು ಮುಂದಕ್ಕೆ, ನನ್ನ ಕಾಲ ಬುಡಕ್ಕೆ ತಂದು ಹಾಕಿದ. "ಈಗ ಬರೋಬ್ಬರಿ ಆತು." ಹೋದ ವರ್ಷವೂ ಅವ್ವ ಇದೇ ಮಾತು ಆಡಿದ್ದಳು, ಅವನೂ ಇದೇ ಕೆಲಸ ಮಾಡಿದ್ದ. ಕಿವಿ ಮಂದ ಅನ್ನೋಣವೆಂದರೆ, ದ್ರಾಕ್ಷಿಯ ರೇಟು ಯಾರಾದರೂ ಫೋನಿನಲ್ಲಿ ಪಿಸುಗುಟ್ಟಿದರೂ ಆ ಕಿವಿಗೆ ಬೀಳುತ್ತದೆ.

ಊರು ದಾಟುವ ತನಕ ಡಾಂಬರು ಚೆನ್ನಾಗಿತ್ತು. ಆಮೇಲೆ ಜಿಟಿಜಿಟಿ ಮಳೆ ಶುರುವಾಯಿತು. ಟಾಂಗಾದ ಮೇಲ್ಹೊದಿಕೆ ನನ್ನ ತಲೆಯ ನೇರಕ್ಕೆ ಮಾತ್ರ ತೂತಾಗಿತ್ತು. ಮುಂದೆ ಕುಳಿತವರಿಗೆ ಕುದುರೆಯ ಬಾಲ ಎಷ್ಟು ಹತ್ತಿರ ಇರುತ್ತದೆ ಎಂಬುದನ್ನು ಯಾವ ವಿಡಿಯೋದಲ್ಲೂ ತೋರಿಸುವುದಿಲ್ಲ. ಅದು ಬಾಲ ಎತ್ತಿದಾಗಲೆಲ್ಲ ಮಾಮಾ ಮುಖ ಆಚೆ ತಿರುಗಿಸುತ್ತಿದ್ದ. ಅವನಿಗೆ ಅಭ್ಯಾಸವಿತ್ತು, ನನಗೆ ಇರಲಿಲ್ಲ. ಒದ್ದೆ ಬಾಲ ಒಮ್ಮೆ ನನ್ನ ಕನ್ನಡಕ ಒರೆಸಿ ಹೋಯಿತು. ಹಿಂದಿನಿಂದ ಬಂದ ಲಾರಿಗಳು ಹಾಡಿನ ಹಾರ್ನು ಹೊಡೆದು, ಕೆಸರು ಹಾರಿಸಿ, ಕೈ ಬೀಸಿ ಮುಂದೆ ಹೋದವು.

ಆದರೆ ಕುದುರೆಯ ದೊಡ್ಡ ಗುಣ ಬೇರೆಯೇ. ಅದು ಗೋಳಗುಮ್ಮಟದ ಕುದುರೆ. ಜನ್ಮವೆಲ್ಲ ಪ್ರವಾಸಿಗರನ್ನು ಕಂಡದ್ದು. ಎದುರಿಗೆ ಯಾರಾದರೂ ಮೊಬೈಲ್ ಎತ್ತಿ ಹಿಡಿದರೆ ಅದು ಗಕ್ಕನೆ ನಿಲ್ಲುತ್ತದೆ. ನಿಂತು, ಕತ್ತು ಸೆಟೆಸಿ, ಒಂದು ಕಾಲು ಸ್ವಲ್ಪ ಮುಂದಿಟ್ಟು, ಫೋಟೋ ಆಗುವ ತನಕ ಅಲ್ಲಾಡುವುದಿಲ್ಲ. ಮೊಬೈಲ್ ಕೆಳಗಿಳಿಯಿತೋ, ಅಷ್ಟೇ ಗಕ್ಕನೆ ಹೊರಡುತ್ತದೆ. ಚಾಬೂಕಿಗೂ ಕೇಳುವುದಿಲ್ಲ, ಬೈಗುಳಕ್ಕೂ ಕೇಳುವುದಿಲ್ಲ.

ಈ ಕಾಲದಲ್ಲಿ ಟಾಂಗಾ ಕಂಡು ಮೊಬೈಲ್ ಎತ್ತದವರು ಯಾರಿದ್ದಾರೆ? ಅರಕೇರಿ ಕಡೆಯ ಬೈಕಿನ ಹುಡುಗರು ಎತ್ತಿದರು, ಗಕ್ಕ. ಹೊಲಕ್ಕೆ ಹೊರಟ ಟ್ರ್ಯಾಕ್ಟರಿನವನು ಎತ್ತಿದ, ಗಕ್ಕ. ಶಾಲೆಯ ಮಾಸ್ತರರೊಬ್ಬರು ಸ್ಕೂಟರ್ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಮೊಬೈಲಿನ ಲಾಕ್ ತೆಗೆಯಲು ಬಾರದೆ ಮಳೆಯಲ್ಲಿ ಒದ್ದಾಡಿದರು. ಕುದುರೆ ಅಷ್ಟೂ ಹೊತ್ತು ಕತ್ತು ಸೆಟೆಸಿ ಕಾಯಿತು.

"ಹಳೇದನ್ನ ಉಳಿಸೀರಿ ನೋಡ್ರಿ, ಭಾಳ ಛಲೋ ಕೆಲಸ," ಎಂದರು ಮಾಸ್ತರರು.

"ತಂಗಿನ ಕರಕೊಂಡ ಹೊಂಟೇನ್ರಿ ಪಂಚಮಿಗಿ," ಎಂದು ಮಾಮಾ ತಲೆಯ ಪಟಕಾ ಸರಿಮಾಡಿಕೊಂಡ.

ಒಂದೊಂದು ಗಕ್ಕಕ್ಕೂ ಅವ್ವನ ಬೆನ್ನು ಅಡ್ಡಪಟ್ಟಿಗೆ ಬಡಿಯುತ್ತಿತ್ತು. ಹೊರಟಾಗ ಅವಳು ಮುಂದಕ್ಕೆ ಜಾರುತ್ತಿದ್ದಳು. ನಾನು ತಿರುಗಿ, "ಏನಾತ ಬೇ?" ಎಂದು ಕೇಳುತ್ತಿದ್ದೆ. "ಏನಿಲ್ಲ" ಎನ್ನುತ್ತಿದ್ದಳು. ಡೈರಿ ನೆನೆಯಬಾರದೆಂದು ಅಂಗೈ ಮೇಲೆ ಗೆರೆ ಎಳೆಯುತ್ತ ಹೋದೆ. ಟಿಕೋಟಾ ಮುಟ್ಟುವುದರೊಳಗೆ ಹದಿನೇಳು "ಏನಿಲ್ಲ" ಆಗಿದ್ದವು. ಸುಳ್ಳನ್ನು ಹೀಗೆ ಎಣಿಸುವುದು ನನಗೂ ಹೊಸದು.

ಟಿಕೋಟಾದಲ್ಲಿ ಕುದುರೆಗೆ ನೀರು, ಹುರಳಿ, ಮೈ ಒರೆಸುವುದು ಆಯಿತು. ನಮಗೆ ಚಹಾ. ಅವ್ವ ಟಾಂಗಾದಿಂದ ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಲು ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಾಯಿತು.

"ಇಲ್ಲಿಂದ ಆಟೋ ಮಾಡೂಣು ಮಾಮಾ," ಎಂದೆ.

"ಆಟೋದಾಗ? ತವರಮನಿ ಗಾಡಿ ಇರೂವಾಗ?" ಹೋಟೆಲಿನ ಮಂದಿಗೆ ಕೇಳುವಂತೆ ನಕ್ಕ. "ಸಾಲಿ ಕಲಿತ್ರ ಹಿಂಗ ನೋಡ್ರಿ, ತವರ ಅಂದ್ರ ಏನಂತ ಗೊತ್ತಾಗೂದಿಲ್ಲ."

ಟಿಕೋಟಾ ದಾಟಿ ಊರಿನ ಹಾದಿ ಹಿಡಿದೆವು. ಅದು ಹಾದಿಯಲ್ಲ, ತಗ್ಗುಗಳನ್ನು ಒಂದಕ್ಕೊಂದು ಜೋಡಿಸಿ ಇಟ್ಟದ್ದು. ನಾನು ಹಿಡಿದ ಸರಳು ಕೈಯಲ್ಲಿ ಜುಮ್ ಎನ್ನುತ್ತಿತ್ತು. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಕಾಲ ಬುಡದ ಹಿಂಡಿ ಚೀಲ ಬಾಯಿ ಬಿಚ್ಚಿಕೊಂಡು ನನ್ನ ಚಪ್ಪಲಿಯೊಳಗೆಲ್ಲ ಹಿಂಡಿ ತುಂಬಿತು. ಒಂದು ದೊಡ್ಡ ತಗ್ಗಿಗೆ ಇಡೀ ಗಾಡಿ ಎದ್ದು ಬಿತ್ತು.

"ಏನಾತ ಬೇ?"

ಹಿಂದಿನಿಂದ ಉತ್ತರ ಬರಲಿಲ್ಲ. "ಏನಿಲ್ಲ" ಕೂಡ ಬರಲಿಲ್ಲ.

ತಿರುಗಿ ನೋಡಿದೆ. ಅವ್ವ ಎರಡೂ ಕೈಯಲ್ಲಿ ಸರಳು ಹಿಡಿದು, ಮುಖ ಬಿಳಚಿಕೊಂಡು, ಕಣ್ಣು ಮುಚ್ಚಿದ್ದಳು. "ಎಡಗಾಲ ಜೋಂ ಹಿಡದೈತಿ," ಎಂದಳು, ನನಗಷ್ಟೇ ಕೇಳುವ ಹಾಗೆ. "ನಿಮ್ಮ ಮಾಮಾಗ ಹೇಳಬ್ಯಾಡ."

ಹೋದ ವರ್ಷ ಹಾಸಿಗೆ ಹಿಡಿಯುವ ಹಿಂದಿನ ದಿನವೂ ಎಡಗಾಲೇ ಮೊದಲು ಜೋಂ ಹಿಡಿದಿತ್ತು.

"ಮಾಮಾ, ಗಾಡಿ ನಿಲ್ಲಸು."

"ಇನ್ನ ಎರಡ ಹೊಲ ದಾಟಿದ್ರ ಊರ ಬಂತು. ಹೊಟ್ಟಿ ಹಸದೈತೇನ್ ಹುಡುಗಿ?"

"ನಿಲ್ಲಸು ಅಂದ್ರ ನಿಲ್ಲಸು."

"ಏರಿನ್ಯಾಗ ನಿಲ್ಲಸಿದ್ರ ಕುದುರಿಗಿ ತ್ರಾಸ ಆಗ್ತೈತಿ."

ಕುದುರಿಗಿ. ಆ ಮಾತು ಕಿವಿಗೆ ಬಿದ್ದ ಮೇಲೆ ಯೋಚನೆ ಮಾಡಿದ್ದು ನೆನಪಿಲ್ಲ. ಏರಿನಲ್ಲಿ ಟಾಂಗಾ ಮೆಲ್ಲಗೆ ಹೋಗುತ್ತಿತ್ತು. ಕೆಳಕ್ಕೆ ಹಾರಿದೆ, ಚಪ್ಪಲಿ ಬಿಟ್ಟು ಓಡಿದೆ, ಕುದುರೆಯ ಮುಂದೆ ಹಾದಿಯ ನಡುವೆ ನಿಂತು ಮೊಬೈಲ್ ಎತ್ತಿ ಹಿಡಿದೆ.

ಕುದುರೆ ನಿಂತಿತು. ಕತ್ತು ಸೆಟೆಸಿತು. ಒಂದು ಕಾಲು ಮುಂದಿಟ್ಟಿತು.

"ನಡಿ ಲೇ! ನಡಿ!" ಮಾಮಾ ಲಗಾಮು ಜಗ್ಗಿದ, ಚಾಬೂಕನ್ನು ಗಾಳಿಯಲ್ಲಿ ಚಟಾರ್ ಎನ್ನಿಸಿದ. ಕುದುರೆ ನನ್ನ ಮೊಬೈಲನ್ನೇ ನೋಡುತ್ತಿತ್ತು. "ಫೋನ್ ಕೆಳಗ ಇಡ ಲೇ ಹುಡುಗಿ! ಹುಚ್ಚ ಹಿಡದೈತೇನ್ ನಿನಗ?"

"ಅವ್ವ ಇಳಿಯೂತನಕ ಇಡೂದಿಲ್ಲ."

"ಯಾಕ ಇಳೀಬೇಕ ಆಕಿ? ಹೇಳ ತಂಗಿ ನೀನಽ, ಇಳೀತೀಯೇನು?"

ಮಳೆ ನಿಂತಿತ್ತು. ಕೈ ಸೋಲತೊಡಗಿತ್ತು, ಎರಡೂ ಕೈಯಲ್ಲಿ ಮೊಬೈಲ್ ಹಿಡಿದೆ. ಮೆಲ್ಲಗೆ ಗಾಡಿ ಅಲುಗಿತು. ಅವ್ವ ಸರಳು ಹಿಡಿದು, ಮೊದಲು ಬಲಗಾಲು, ಆಮೇಲೆ ಕೈಯಿಂದಲೇ ಎತ್ತಿ ಎಡಗಾಲು ಕೆಳಗಿಟ್ಟು ಇಳಿದಳು. ಗಾಲಿ ಹಿಡಿದುಕೊಂಡು ಮುಂದೆ ಬಂದು ಅಣ್ಣನ ಎದುರಿಗೆ ನಿಂತಳು.

"ಯಣ್ಣಾ, ಜಡ ಅಲ್ಲೋ. ಜಡ್ಡ. ನನಗ ಜಡ್ಡ ಆಗೇತಿ. ಬೆನ್ನಾಗ. ಹ್ವಾದ ವರ್ಷ ಇದರಾಗ ಬಂದ ಹೋಗಿ ಶ್ರಾವಣ ಪೂರಾ ಮಲಗಿದ್ದೆ. ಈ ಹುಡುಗಿ ನನ್ನ ಬಚ್ಚಲಕ ಹಿಡಕೊಂಡ ಹೋಗತಿತ್ತು."

"ನನಗ ಯಾಕ ಹೇಳಲಿಲ್ಲ?"

"ಎರಡ ವರ್ಷ ಆತು ಹೇಳಾಕತ್ತಿ. ನೀ ಹಿಂಡಿ ಚೀಲ ಸರಸ್ತಿ."

ಮಾಮಾನ ಮುಖ ಕೆಂಪಾಯಿತು. ಅಂಥವರಿಗೆ ತಪ್ಪು ಗೊತ್ತಾದಾಗ ಮೊದಲು ಬರುವುದು ಸಿಟ್ಟು. "ಹಂಗಂದ್ರ ತವರಮನಿ ಗಾಡಿ ಒಲ್ಲೆ ಅಂತೀಯೇನು? ಗಾಡಿ ಒಲ್ಲೆ ಅಂದ್ರ ತವರನಽ ಒಲ್ಲೆ ಅಂದಂಗ ಆತಲ್ಲ?"

"ತವರ ಬೇಕು," ಎಂದಳು ಅವ್ವ. "ಗಾಡಿ ಒಲ್ಲೆ."

ಅಷ್ಟು ಹೇಳಿ ನಡೆಯತೊಡಗಿದಳು. ಎಡಗಾಲು ಎಳೆಯುತ್ತಿತ್ತು. ನಾನು ಮೊಬೈಲ್ ಕೆಳಗಿಳಿಸಿ ಅವಳ ತೋಳು ಹಿಡಿದೆ. ಕುದುರೆ ಗಕ್ಕನೆ ಹೊರಟಿತು. ಮಾಮಾ ಕೆಳಗಿಳಿದು, ಬಾಯಿ ಹತ್ತಿರ ಲಗಾಮು ಹಿಡಿದು, ನಮ್ಮ ಪಕ್ಕದಲ್ಲೇ ಅದನ್ನು ನಡೆಸಿಕೊಂಡು ಬಂದ. ಎರಡು ಹೊಲ ಎಂದದ್ದು ಆರು ಹೊಲ ಇದ್ದವು. ಅದನ್ನೂ ಬರೆದಿಟ್ಟಿದ್ದೇನೆ. ನಡುವೆ ಎರಡು ಸಲ ಅವ್ವ ಹೊಲದ ಒಡ್ಡಿಗೆ ಒರಗಿ ನಿಂತಳು. ನಾವು ನಿಂತಾಗ ಅವನೂ ನಿಂತ.

ಊರ ಬಾಗಿಲಿಗೆ ಬಂದಾಗ ಕಟ್ಟೆಯ ಮೇಲೆ ಕುಳಿತವರಲ್ಲಿ ಒಬ್ಬ ಎದ್ದು ನಿಂತ. "ಏನ ಗೌಡ್ರ, ಗಾಡಿ ಖಾಲಿ ಬಂತಲ್ಲ?"

ಇಷ್ಟು ದಿನ ಅವ್ವ ಹೆದರಿದ ಮಾತು ಅದೇ. ಅವಳ ತೋಳು ನನ್ನ ಕೈಯಲ್ಲಿ ಬಿಗಿಯಾಯಿತು.

ಮಾಮಾ ತಂಗಿಯನ್ನು ನೋಡಿದ, ಗಾಡಿಯನ್ನು ನೋಡಿದ. "ಖಾಲಿ ಎಲ್ಲೈತೋ? ತಂಗಿ ಬಂದಾಳಲ್ಲ ಬಾಜೂಕ," ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಸಿಟ್ಟು ಅರ್ಧ ಇಳಿಯುತ್ತಿತ್ತು. ಆದರೆ ಮೂರು ಹೆಜ್ಜೆ ಮುಂದೆ ಹೋಗಿ ತಿರುಗಿ, "ಹಿಂದ ಜಡ ಆಗಿತ್ತು, ಅದಕ್ಕ ಇಳಿಸೇನಿ," ಎಂದು ಸೇರಿಸಿದ. ಕಟ್ಟೆಯವರು ಹೋ ಎಂದು ನಕ್ಕರು. ಅವ್ವ ನಗಲಿಲ್ಲ. ಈ ಇಡೀ ಹಾದಿಯಲ್ಲಿ ನನಗೆ ಸಮಾಧಾನ ಕೊಟ್ಟದ್ದು ಅದೊಂದೇ.

ಮನೆಯ ಬಾಗಿಲಲ್ಲಿ ಅತ್ತಿ, ಅಂದರೆ ಮಾಮಾನ ಹೆಂಡತಿ, ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವ್ವನ ನಡಿಗೆ ಕಂಡು ಎಲ್ಲ ತಿಳಿದುಕೊಂಡಳು. ಅತ್ತಿಯ ತವರು ಬಬಲೇಶ್ವರ. "ನಮ್ಮ ಅಣ್ಣ ನಾಳೆ ಕಾರ ತರ್ತಾನ ನನ್ನ ಕರಿಯಾಕ," ಎಂದಳು ಗಂಡನ ಕಡೆ ನೋಡದೆ. "ಹಬ್ಬ ಮುಗಿಸಿ ಅದರಾಗಽ ಬರ್ತೀನಿ. ಬಂದ ಮ್ಯಾಲ ಅದೇ ಕಾರು ನಿಮ್ಮನ್ನ ವಿಜಾಪುರಕ್ಕ ಬಿಟ್ಟ ಬರ್ತೈತಿ. ನಾ ಈ ಟಾಂಗಾದಾಗ ಒಂದ ದಿನಾ ಕುಂತಿಲ್ಲ. ನಮ್ಮ ಬೆನ್ನ ಏನ್ ಬಿಟ್ಟಿ ಬಂದಾವೇನು?"

ಅತ್ತಿ ಒಂದು ದಿನವೂ ಕುಳಿತಿಲ್ಲ. ಅದು ಎಲ್ಲರಿಗೂ ಗೊತ್ತು, ಆದರೂ ಯಾರೂ ಅವಳು ಗಂಡನ ಮನೆಯನ್ನು ಒಲ್ಲೆ ಅಂದಳು ಎನ್ನುವುದಿಲ್ಲ. ಕಟ್ಟಳೆ ಎಲ್ಲ ತಂಗಿಗೆ ಮಾತ್ರ.

ಅವ್ವ ಎರಡು ದಿನ ನೆಲದ ಮೇಲೆ ಚಪ್ಪಟೆಯಾಗಿ ಮಲಗಿದಳು. ಪಂಚಮಿಯ ದಿನ ಎದ್ದು, ನಿಂತುಕೊಂಡೇ ನಾಗಪ್ಪನಿಗೆ ಹಾಲೆರೆದಳು. ಜೋಕಾಲಿ ಆಡಲಿಲ್ಲ, ಹಬ್ಬದ ಉಂಡಿ ತಿಂದಳು. ಕಾಲಿನ ಜೋಂ ನಿಧಾನಕ್ಕೆ ಬಿಟ್ಟಿತು. ಈ ಸಲ ಹಾಸಿಗೆ ಹಿಡಿಯಲಿಲ್ಲ, ಆಪರೇಶನ್ ಮಾತು ಬರಲಿಲ್ಲ. ಆ ಆರು ಹೊಲ ಗಾಡಿಯಲ್ಲಿ ದಾಟಿದ್ದರೆ ಬರುತ್ತಿತ್ತು, ನನಗೆ ಅನುಮಾನವಿಲ್ಲ.

ವಾಪಸು ಬರುವ ದಿನ ಅತ್ತಿಯ ಅಣ್ಣನ ಕಾರು ಬಾಗಿಲಿಗೆ ಬಂತು. ಮಾಮಾ ದಿಂಬನ್ನು ತೊಳೆದು, ಒಣಗಿಸಿ, ತಾನೇ ಒಯ್ದು ಸೀಟಿನ ಮೇಲೆ ಅವ್ವನ ಬೆನ್ನಿಗೆ ಇಟ್ಟ. ತೊಳೆದರೂ ಕುದುರೆಯ ವಾಸನೆ ಹೋಗಿರಲಿಲ್ಲ. ಅವನಿಂದ ತಪ್ಪಾಯಿತು ಎಂಬ ಮಾತು ಬರಲಿಲ್ಲ. ಬಂದದ್ದು ಇದು:

"ಮುಂದಿನ ಪಂಚಮಿಗಿ ಬರ್ತೀನಿ ತಂಗಿ ಕರಿಯಾಕ. ಗಾಡಿಗಿ ಸ್ಪ್ರಿಂಗಿನ ಪಾಟಾ ಹಾಕಸ್ತೀನಿ."

ಮತ್ತೆ ಗಾಡಿ! ಅವ್ವ ನನ್ನ ಕೈ ಒತ್ತಿದಳು, ಸುಮ್ಮನಿರು ಎಂದು. ಸುಮ್ಮನಿದ್ದೆ. ಅದಕ್ಕೇ ಇದನ್ನೆಲ್ಲ ಬರೆಯಬೇಕಾಯಿತು.

ಓದಿದವರಲ್ಲಿ ನನ್ನದೊಂದು ಬೇಡಿಕೆ. ಅಣ್ಣ ತಂದ ಗಾಡಿ ಹತ್ತದೆಯೂ ತವರಿಗೆ ಹೋಗುವ ರೂಢಿ ನಿಮ್ಮ ಊರಲ್ಲಿ, ನಿಮ್ಮ ಮನೆತನದಲ್ಲಿ ಇದೆಯೇ? ಅಣ್ಣ ಬಂದು ಕುಬಸದ ಖಣ, ಅಂದರೆ ರವಿಕೆ ಬಟ್ಟೆ, ಕೊಟ್ಟು ಕರೆದು ಹೋದರೆ ಸಾಕು, ತಂಗಿ ತನಗೆ ಹೊಂದುವ ವಾಹನದಲ್ಲಿ ಆಮೇಲೆ ಬರಬಹುದು ಎಂದು ಬಬಲೇಶ್ವರದ ಕಡೆ ಹಿಂದೆ ಇತ್ತಂತೆ. ಅತ್ತಿ ಯಾರ ಬಾಯಲ್ಲೋ ಕೇಳಿದ್ದಾಳೆ, ಗಟ್ಟಿಯಾಗಿ ಹೇಳಲು ಅವಳಿಗೂ ಬರುವುದಿಲ್ಲ. ಬಲ್ಲ ಹಿರಿಯ ಹೆಣ್ಣುಮಕ್ಕಳು ಇದ್ದರೆ ದಯವಿಟ್ಟು ಈ ಬರಹ ಅಚ್ಚಾದಲ್ಲಿಗೇ ನಾಲ್ಕು ಸಾಲು ಬರೆದು ಕಳಿಸಿ. ದೊಡ್ಡ ಅಕ್ಷರದಲ್ಲಿ ಬರೆಯಿರಿ. ನಾನು ಅದನ್ನು ಮಾಮಾನ ಎದುರಿಗೆ ಗಟ್ಟಿಯಾಗಿ ಓದಬೇಕು. ಜಡ್ಡು ಎಂಬುದನ್ನು ಜಡ ಎಂದು ಕೇಳುವ ಕಿವಿ ಅದು.